ಚೌಬಾರಾ ಪೇಟೆಯ ಬಿದ್ರಿ: ಬೆಳ್ಳಿಗಿಂತ ಮೊದಲು ಕಪ್ಪು ನೋಡಿ

ಬೀದರ್‌ನ ಹಳೇ ಊರಿನಲ್ಲಿ ನಾಲ್ಕು ದಾರಿ ಕೂಡುವ ಕಡೆ ಚೌಬಾರಾ ಇದೆ. 71 ಅಡಿ ಎತ್ತರದ ದುಂಡು ಗೋಪುರ, ಒಳಗೆ ಸುತ್ತಿ ಏರುವ 80 ಮೆಟ್ಟಿಲು. ಕಟ್ಟಿದ್ದು ಕಾವಲಿಗೆ, ಬೆಳೆದದ್ದು ಪೇಟೆ. ಕಪ್ಪು ಲೋಹದಲ್ಲಿ ಬೆಳ್ಳಿಯ ಚಿತ್ರ ಕೂರಿಸಿದ ಬಿದ್ರಿ ಸಾಮಾನಿನ ಅಂಗಡಿಗಳು ಇದರ ಆಸುಪಾಸಿನ ರಸ್ತೆಗಳಲ್ಲೇ ಇವೆ. 1472ರ ಮಹಮೂದ್ ಗವಾನ್ ಮದರಸಾ ನೋಡಿ ನಡೆದೇ ಬರಬಹುದು. ಬಿದ್ರಿ ಬೆಂಗಳೂರಿನಲ್ಲೂ ಹೈದರಾಬಾದಿನಲ್ಲೂ ಸಿಗುತ್ತದೆ ನಿಜ. ಆದರೆ ಉಳಿ ಹಿಡಿದವರನ್ನೇ ಕೇಳಿ ಕೊಳ್ಳುವ ಅನುಕೂಲ ಈ ಪೇಟೆಯದು.

ಕೊಳ್ಳುವವರೆಲ್ಲ ಮೊದಲು ಬೆಳ್ಳಿಯ ಹೊಳಪು ನೋಡುತ್ತಾರೆ. ನೋಡಬೇಕಾದದ್ದು ಕಪ್ಪನ್ನು. ಬಿದ್ರಿ ಲೋಹ ಎಂದರೆ 16 ಪಾಲು ಸತು, 1 ಪಾಲು ತಾಮ್ರ. ಔಡಲೆಣ್ಣೆ, ರಾಳ ಕಲಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಮೊಳೆಯಿಂದ ಗೀರಿದ ಚಿತ್ರ ಬಿಳಿಗೆರೆಯಾಗಿ ಕಾಣುತ್ತದೆ. ಆ ಗೆರೆಯನ್ನು ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸಿ, ಮತ್ತೆ ಉಜ್ಜುತ್ತಾರೆ. ಆಗ ಎಲ್ಲವೂ ಒಂದೇ ಬಿಳಿ, ಚಿತ್ರವೇ ಮಾಯ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್), ನೀರು ಕಲಸಿ, ಸ್ವಲ್ಪ ಕಾಸಿದ ಸಾಮಾನಿಗೆ ಹಚ್ಚಿ ತಿಕ್ಕಿದಾಗ ಸತುವಿನ ಮೈ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಳೆ ಬಿಸಿಲು ತಾಗದ ಜಾಗದ ಮಣ್ಣೇ ಬೇಕು. ಅದು ಸರಿಯಾದದ್ದೇ ಎಂದು ಕಸುಬುದಾರರು ನಾಲಿಗೆಗೆ ಇಟ್ಟು ನೋಡುತ್ತಾರೆ.

ಹಾಗಾಗಿ ಸಾಮಾನನ್ನು ಅಂಗಡಿಯ ದೀಪದ ಕೆಳಗೆ ನೋಡಿ ಒಪ್ಪಬೇಡಿ, ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ತಿರುಗಿಸಿ. ನಿಜವಾದ ಕಪ್ಪು ಲೋಹದ ಮೈಯಲ್ಲೇ ಇರುತ್ತದೆ, ಎಲ್ಲ ಕಡೆ ಒಂದೇ ಸಮ. ಬಣ್ಣ ಬಳಿದದ್ದಾದರೆ ಗಾಜಿನಂತೆ ಮಿನುಗುತ್ತದೆ, ಅಂಚುಗಳಲ್ಲಿ ದಪ್ಪ ಕಟ್ಟಿರುತ್ತದೆ. ಅಲ್ಯೂಮಿನಿಯಂ ಮೇಲೆ ಬಣ್ಣ ಹಚ್ಚಿದ್ದರೆ ಕೈಯೇ ಹೇಳುತ್ತದೆ: ಸತು ಅದಕ್ಕಿಂತ ಎರಡೂವರೆ ಪಟ್ಟು ತೂಕ. ತಂತಿಯ ಮೇಲೆ ಉಗುರು ಎಳೆಯಿರಿ. ಸರಿಯಾಗಿ ಕೂತ ತಾರಕಶಿ, ಅಂದರೆ ತಂತಿ ಕೂರಿಸಿದ ಕೆಲಸದಲ್ಲಿ ಉಗುರು ಎಲ್ಲೂ ಸಿಕ್ಕುವುದಿಲ್ಲ. ಸಿಕ್ಕಿದರೆ ಕೊರೆದದ್ದು ಆಳ ಸಾಲದು, ಆ ತಂತಿ ಮುಂದೊಂದು ದಿನ ಎದ್ದು ಬರುತ್ತದೆ. ಬಳ್ಳಿಯ ತಿರುವುಗಳನ್ನು ತಪ್ಪದೆ ನೋಡಿ. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಬೆಲೆ ಕೇಳುವಾಗ ಸಾಮಾನಿನ ಗಾತ್ರದ ಬದಲು ಬೆಳ್ಳಿಯ ತೂಕ ಮತ್ತು ಕೆಲಸದ ಬಗೆ ಕೇಳಿ. ಅಂಗೈ ಅಗಲದ ಡಬ್ಬಿಯ ಮೇಲಿನ ಒತ್ತಾದ ತಂತಿ ಕೆಲಸಕ್ಕೆ, ಅಲ್ಲೊಂದು ಇಲ್ಲೊಂದು ಹೂವಿರುವ ದೊಡ್ಡ ಹೂದಾನಿಗಿಂತ ಹೆಚ್ಚು ಬೆಲೆ ಹೇಳಿದರೆ ಅದು ನ್ಯಾಯವೇ. ಮೊದಲ ಸಲ ಕೊಳ್ಳುವವರಿಗೆ ನಮ್ಮ ಸಲಹೆ ಆ ಡಬ್ಬಿಯೇ. ಬೆಳ್ಳಿಯ ಶುದ್ಧತೆ ಬರೆದ ರಸೀದಿ ಪಡೆಯಿರಿ. ಬಿದ್ರಿಗೆ 2006ರಲ್ಲೇ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ, ಈ ಕೆಲಸಕ್ಕಾಗಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದೆ. ಇಷ್ಟು ಹೆಸರಿರುವ ಕಸುಬಿಗೆ ಚೌಕಾಶಿ ಮಾಡುವುದೇ ಆದರೆ ಮಜೂರಿಯನ್ನು ಕಡಿಯಬೇಡಿ, ಇನ್ನೂ ಸರಳ ಚಿತ್ರದ ಸಾಮಾನು ತೋರಿಸಲು ಕೇಳಿ.

ಮನೆಗೆ ಒಯ್ದ ಮೇಲೆ ಬಿದ್ರಿ ಕೆಡುವುದು ತೊಳೆಯುವುದರಿಂದ. ಹುಣಸೆಹಣ್ಣು, ನಿಂಬೆ, ಹಿತ್ತಾಳೆ ತಿಕ್ಕುವ ಪುಡಿ ಯಾವುದೂ ತಾಗಬಾರದು, ಹುಳಿ ತಾಗಿದ ಕಡೆ ಕಪ್ಪು ಹೋಗಿ ಬೂದು ಕಲೆ ನಿಲ್ಲುತ್ತದೆ. ಹೂದಾನಿಯಲ್ಲಿ ನೀರು ನಿಲ್ಲಿಸಬೇಡಿ, ಸತು ಬಿಳಿ ಪುಡಿ ಬಿಡುತ್ತದೆ. ತಿನ್ನುವ ಪದಾರ್ಥವಂತೂ ಬೇಡವೇ ಬೇಡ. ಎರಕದ ಸತು ಪೆಡಸು, ಕಲ್ಲಿನ ನೆಲಕ್ಕೆ ಬಿದ್ದರೆ ಬಿರುಕು ಬಿಡಬಹುದು. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒಣಬಟ್ಟೆಯಿಂದ ತಿಕ್ಕಿದರೆ ಸಾಕು. ಅಜ್ಜಿಯ ಕಾಲದ ಪಾನ್‌ದಾನ್ ಮಾಸಿ ಬೂದಾಗಿದ್ದರೆ ಎಸೆಯಬೇಡಿ. ಇಲ್ಲಿಗೇ ತನ್ನಿ. ತಂತಿ ಗಟ್ಟಿಯಾಗಿದ್ದರೆ ಅದೇ ಮಣ್ಣು, ಅದೇ ನವಸಾಗರ ಹಚ್ಚಿ ಮತ್ತೆ ಕಪ್ಪೇರಿಸಲು ಬರುತ್ತದೆ.