ಅಂಗಡಿ ನಮ್ಮದು, ಹೆಸರು ಬೇರೆಯವರ ಕೈಯಲ್ಲಿ: ಹೊಸ ವರ್ಷದ ಆನ್‌ಲೈನ್ ಪ್ಯಾಕೇಜ್ ತೆಗೆದುಕೊಳ್ಳುವ ಮುಂಚೆ ಇದನ್ನು ಓದಿ

ಮತ್ತೆ ಡಿಸೆಂಬರ್ ಬಂದಿದೆ. ಹೋದ ವಾರದಿಂದ ಅಂಗಡಿಗೆ ದಿನಕ್ಕೆ ಎರಡು ಮೂರು ಫೋನ್ ಬರುತ್ತಿವೆ. "ಮೇಡಂ, ನ್ಯೂ ಇಯರ್ ಆಫರ್ ನಡೀತಿದೆ, ನಿಮ್ಮ ಬಿಸಿನೆಸ್ ಆನ್‌ಲೈನ್‌ನಲ್ಲಿ ಬೆಳೆಸಿಕೊಡ್ತೀವಿ" ಅಂತ. ಹೋದ ವರ್ಷ ಇದೇ ಹೊತ್ತಿನಲ್ಲಿ ಇಂಥದೇ ಒಂದು ಫೋನಿಗೆ ನಾನು ಹೂಂ ಅಂದೆ. ಆಮೇಲೆ ಏನಾಯಿತು ಅನ್ನುವುದನ್ನು ಪೂರ್ತಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಚಿಕ್ಕ ಅಂಗಡಿ, ಹೋಂಸ್ಟೇ, ಖಾನಾವಳಿ ನಡೆಸುವವರು ದಯವಿಟ್ಟು ಬಿಡುವು ಮಾಡಿಕೊಂಡು ಓದಿ.

ನಮ್ಮದು ಇಳಕಲ್‌ನಲ್ಲಿ ಸೀರೆ ಅಂಗಡಿ. ಅತ್ತೆ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಹದಿನಾಲ್ಕು ಮಗ್ಗದವರು ನಮಗೆ ಸೀರೆ ನೇಯ್ದು ಕೊಡುತ್ತಾರೆ. ಮೊದಲೆಲ್ಲ ಗಿರಾಕಿಗಳು ಗುರುತಿನವರ ಮೂಲಕ ಬರುತ್ತಿದ್ದರು. ಈಚೆಗೆ ಹಾಗಲ್ಲ. ವಿಜಯಪುರ–ಹೊಸಪೇಟೆ ಹೆದ್ದಾರಿ ನಮ್ಮ ಊರಿನ ಮೇಲೇ ಹೋಗುತ್ತದೆ. ಸೊಲ್ಲಾಪುರದ ಕಡೆಯಿಂದ ಹಂಪಿಗೆ ಹೊರಟವರು, ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು ನೋಡಲು ಬಂದವರು ದಾರಿಯಲ್ಲೇ ಫೋನ್ ತೆಗೆದು "ಇಳಕಲ್ ಸೀರೆ" ಅಂತ ಹುಡುಕುತ್ತಾರೆ. ಮ್ಯಾಪ್‌ನಲ್ಲಿ ಯಾವ ಅಂಗಡಿ ಕಂಡರೆ ಅಲ್ಲಿಗೆ ಕಾರು ತಿರುಗಿಸುತ್ತಾರೆ. 2016ರಲ್ಲಿ ನನ್ನ ಮಗಳೇ ಕೂತು ನಮ್ಮ ಅಂಗಡಿಯನ್ನು ಗೂಗಲ್‌ನಲ್ಲಿ ಸೇರಿಸಿದ್ದಳು. ಒಂದು ರೂಪಾಯಿ ಖರ್ಚಾಗಿರಲಿಲ್ಲ, ಅದು ಈಗಲೂ ಪುಕ್ಕಟೆಯೇ. ಅಷ್ಟು ವರ್ಷದಲ್ಲಿ 312 ಜನ ಅಲ್ಲಿ ನಮ್ಮ ಬಗ್ಗೆ ಬರೆದಿದ್ದರು. ಎಷ್ಟೋ ಜನ ಮದುವೆ ಫೋಟೋ ಹಾಕಿದ್ದರು. ಅತ್ತೆ ಇದ್ದಾಗ ಅವರ ಜೊತೆ ನಿಂತು ತೆಗೆಸಿಕೊಂಡ ಫೋಟೋಗಳೂ ಇದ್ದವು.

ಇಷ್ಟು ಇದ್ದೂ ನನಗೆ ಸಾಲದು ಅನ್ನಿಸಿತ್ತು. ಪಕ್ಕದ ಅಂಗಡಿಯವರು ಇನ್‌ಸ್ಟಾಗ್ರಾಂನಲ್ಲಿ ಚೆನ್ನಾಗಿ ವ್ಯಾಪಾರ ಮಾಡುತ್ತಿದ್ದರು. ಹೊಸ ವರ್ಷದಿಂದ ನಾವೂ ಇದನ್ನು ಸರಿಯಾಗಿ ಮಾಡಬೇಕು ಅಂತ ಮನಸ್ಸಿನಲ್ಲಿತ್ತು. ಫೋನ್ ಮಾಡಿದ ಹುಡುಗ ಬಹಳ ಮರ್ಯಾದೆಯಿಂದ ಮಾತಾಡಿದ. ವರ್ಷಕ್ಕೆ 48,000 ರೂಪಾಯಿ ಪ್ಯಾಕೇಜ್, ವೆಬ್‌ಸೈಟಿಗೆ ಬೇರೆ 6,500, ಜಾಹೀರಾತಿಗೆ ತಿಂಗಳಿಗೆ 15,000. "ಮೂರು ತಿಂಗಳಲ್ಲಿ ಗೂಗಲ್‌ನಲ್ಲಿ ಫಸ್ಟ್ ಪ್ಲೇಸ್ ಗ್ಯಾರಂಟಿ ಮೇಡಂ, ಜನವರಿ ಐದರ ಒಳಗೆ ಕಟ್ಟಿದರೆ ಡಿಸ್ಕೌಂಟ್" ಅಂದ.

ಆ ಗ್ಯಾರಂಟಿ ಅನ್ನುವ ಮಾತಿಗೇ ನಾನು ಫೋನ್ ಇಡಬೇಕಿತ್ತು. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲು ಆಗುವುದಿಲ್ಲ ಅಂತ ಗೂಗಲ್‌ನವರೇ ತಮ್ಮ ಸಹಾಯ ಪುಟದಲ್ಲಿ ಬರೆದಿದ್ದಾರೆ. ಮ್ಯಾಪ್‌ನಲ್ಲಿ ಯಾವ ಅಂಗಡಿ ಮೇಲೆ ಬರಬೇಕು ಅನ್ನುವುದಕ್ಕೆ ಮುಖ್ಯವಾಗಿ ಮೂರು ವಿಷಯ ನೋಡುತ್ತಾರಂತೆ. ಹುಡುಕಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದುತ್ತದೆ, ಹುಡುಕುವವರಿಂದ ಅಂಗಡಿ ಎಷ್ಟು ದೂರ ಇದೆ, ಅಂಗಡಿ ಎಷ್ಟು ಹೆಸರಾಗಿದೆ. ಇಳಕಲ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹುಡುಕಿದವರಿಗೂ ಪುಣೆಯಲ್ಲಿ ಕೂತು ಹುಡುಕಿದವರಿಗೂ ಬೇರೆ ಬೇರೆ ಪಟ್ಟಿ ಬರುತ್ತದೆ. ಹಾಗಿರುವಾಗ "ಫಸ್ಟ್ ಪ್ಲೇಸ್" ಅಂದರೆ ಯಾವ ಊರಿನಲ್ಲಿ, ಯಾರ ಫೋನಿನಲ್ಲಿ? ಈ ಒಂದು ಪ್ರಶ್ನೆ ನಾನು ಕೇಳಲಿಲ್ಲ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಅವರ ಕಡೆಯವನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಅಂಗಡಿಗೆ ಬಂದ. ಸಂಗಮಕ್ಕೆ ಬಂದ ಜನ, ಅಂಗಡಿ ತುಂಬಾ ಗಿರಾಕಿ. ನಾನು ಸೀರೆ ಬಿಚ್ಚಿ ತೋರಿಸುತ್ತಾ ನಿಂತಿದ್ದೆ. "ಮೇಡಂ, ಜಿಮೇಲ್ ಪಾಸ್‌ವರ್ಡ್ ಹೇಳಿ, ಒಂದು ಓಟಿಪಿ ಬರುತ್ತೆ, ಅದನ್ನೂ ಹೇಳಿ, ಸೆಟಪ್ ಮಾಡಿಬಿಡ್ತೀನಿ" ಅಂದ. ಹೇಳಿದೆ. ಬ್ಯಾಂಕಿನ ಓಟಿಪಿ ಯಾರಿಗೂ ಹೇಳಬಾರದು ಅಂತ ಗೊತ್ತಿತ್ತು. ಅಂಗಡಿಯ ಓಟಿಪಿಯೂ ಅಷ್ಟೇ ದೊಡ್ಡದು ಅಂತ ಗೊತ್ತಿರಲಿಲ್ಲ.

ಅವನು ಮಾಡಿದ್ದು ಇದು. ಗೂಗಲ್‌ನಲ್ಲಿ ಒಂದು ಅಂಗಡಿಗೆ ಮೂರು ಥರದ ಜನ ಇರಬಹುದು. ಒಬ್ಬರು ಪ್ರೈಮರಿ ಓನರ್, ಉಳಿದವರು ಓನರ್ ಅಥವಾ ಮ್ಯಾನೇಜರ್. ಮ್ಯಾನೇಜರ್ ಫೋಟೋ ಹಾಕಬಹುದು, ವೇಳೆ ಬದಲಿಸಬಹುದು, ಗಿರಾಕಿಗಳಿಗೆ ಉತ್ತರ ಬರೆಯಬಹುದು. ಆದರೆ ಜನರನ್ನು ಸೇರಿಸಲು, ತೆಗೆಯಲು ಆಗುವುದಿಲ್ಲ. ಮಾರ್ಕೆಟಿಂಗ್ ಕೆಲಸಕ್ಕೆ ಮ್ಯಾನೇಜರ್ ಹಕ್ಕು ಧಾರಾಳ ಸಾಕು. ಅವನು ತನ್ನ ಕಂಪನಿಯ ಮೇಲ್ ಅನ್ನು ಓನರ್ ಅಂತ ಸೇರಿಸಿದ. ಹೊಸದಾಗಿ ಸೇರಿದ ಓನರ್ ಏಳು ದಿನ ದೊಡ್ಡ ಬದಲಾವಣೆ ಮಾಡುವ ಹಾಗಿಲ್ಲ ಅಂತ ಗೂಗಲ್ ನಿಯಮ ಇದೆ. ಆ ಏಳು ದಿನ ಕಾದ. ಎಂಟನೇ ದಿನ ನನ್ನ ಜಿಮೇಲ್ ಅವನ ಲ್ಯಾಪ್‌ಟಾಪಿನಲ್ಲಿ ಇನ್ನೂ ತೆರೆದೇ ಇತ್ತು. ಕಂಪನಿಯನ್ನು ಪ್ರೈಮರಿ ಓನರ್ ಮಾಡಿ, ನನ್ನನ್ನು ಮ್ಯಾನೇಜರ್ ಸ್ಥಾನಕ್ಕೆ ಇಳಿಸಿದ. ಅದರ ಮೇಲ್ ನನಗೆ ಬಂದಿತ್ತು. ನಾನು ತೆರೆದು ನೋಡಲಿಲ್ಲ.

ಫೆಬ್ರುವರಿಯಲ್ಲಿ ಬಣ್ಣ ಬಣ್ಣದ ರಿಪೋರ್ಟ್ ಬಂತು. ರೀಚ್ ಅಂದರೆ ನೋಡಿದ ಜನ ಒಂದು ಲಕ್ಷ, ಇಂಪ್ರೆಷನ್ ಅಂದರೆ ಒಟ್ಟು ಎಷ್ಟು ಸಲ ಕಂಡಿತು ಅನ್ನುವುದು ಮೂರು ಲಕ್ಷ. ಮನೆಯವರಿಗೆ ತೋರಿಸಿ ಖುಷಿಪಟ್ಟೆ. ಫೋನೂ ಜಾಸ್ತಿ ಬರುತ್ತಿತ್ತು. ಆದರೆ ಎಲ್ಲರೂ ಕೇಳುವುದು ಒಂದೇ, 499 ರೂಪಾಯಿ ಸೀರೆ. ಒಂದು ದಿನ ಕುಷ್ಟಗಿಯಿಂದ ಒಬ್ಬ ಅಮ್ಮ ಮಗಳನ್ನು ಕರೆದುಕೊಂಡು ಬಸ್ಸಿಳಿದು ಬಂದರು. "ಏನ್ರೀ ಅಕ್ಕಾರ, ಫೋನಿನ್ಯಾಗ ಐನೂರಕ್ಕ ಕೊಡ್ತೀವಂತ ಹಾಕೀರಿ, ಇಲ್ಲಿ ನೋಡಿದ್ರ ಮೂರು ಸಾವಿರ ಅಂತೀರಿ" ಅಂದರು. ಆಗಲೇ ನನಗೆ ಗೊತ್ತಾಗಿದ್ದು, ನಮ್ಮ ಹೆಸರಿನಲ್ಲಿ "ಒರಿಜಿನಲ್ ಕೈಮಗ್ಗದ ಇಳಕಲ್ ಸೀರೆ 499" ಅಂತ ಪೋಸ್ಟರ್ ಹಾಕಿದ್ದಾರೆ ಅಂತ.

ಇದು ನನಗೆ ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಕೈಮಗ್ಗದಲ್ಲಿ ಒಡಲಿನ ಹಾಸು ಎಳೆಗಳಿಗೂ ಸೆರಗಿನ ಹಾಸು ಎಳೆಗಳಿಗೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಕೆಂಪು ರೇಷ್ಮೆ ಸೆರಗಿನಲ್ಲಿ ತೆನಿ ಅನ್ನುವ ಬಿಳಿ ಚಿತ್ತಾರ ಏಳುವುದು ಆಮೇಲೆ. ಎಷ್ಟು ದಿನದ ಕೆಲಸ ಅದು, ಎಷ್ಟು ಕಣ್ಣಿನ ಕೆಲಸ. ಪವರ್‌ಲೂಮ್ ಸೀರೆ ಮಾರುವುದು ತಪ್ಪಲ್ಲ, ಉಡುವವರೂ ಇದ್ದಾರೆ. ಆದರೆ ಅದಕ್ಕೆ ಕೈಮಗ್ಗ ಅಂತ ಹೆಸರಿಟ್ಟು 499 ಅಂದರೆ ನೇಯುವವರ ಮುಖ ನಾನು ಹೇಗೆ ನೋಡಲಿ? ನಮಗೆ ಮೂವತ್ತು ವರ್ಷದಿಂದ ನೇಯ್ದು ಕೊಡುವ ಹಿರಿಯರೊಬ್ಬರು ಅಂಗಡಿಗೆ ಬಂದು ಕೂತರು. ಜಗಳ ಆಡಲಿಲ್ಲ. "ನಮ್ಮ ಕೂಲಿ ಇನ್ನ ಅಷ್ಟನ ಏನ್ ತಂಗಿ?" ಅಂತ ಕೇಳಿದರು. ನನಗೆ ಮಾತೇ ಹೊರಡಲಿಲ್ಲ.

ಆ ಅಮ್ಮ ಮಗಳಿಗೆ ಕಾಫಿ ಕೊಟ್ಟು, ಬಸ್ ಚಾರ್ಜ್ ಕೊಟ್ಟು ಕಳಿಸಿದೆ. ಕಂಪನಿಗೆ ಫೋನ್ ಮಾಡಿದರೆ "ಟೆನ್ಷನ್ ತಗೋಬೇಡಿ ಮೇಡಂ, ಕ್ಲಿಕ್ ಬರೋಕೆ ಹಾಗೆ ಹಾಕಬೇಕು" ಅಂದರು.

ನನ್ನ ಮಗಳು ಆ ಭಾನುವಾರ ಮನೆಗೆ ಬಂದವಳು ಒಂದು ಕೆಲಸ ಮಾಡಿದಳು. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯವರ ಆಡ್ ಲೈಬ್ರರಿ ಅಂತ ಒಂದು ಪುಟ ಇದೆ. ಯಾವುದೇ ಫೇಸ್‌ಬುಕ್ ಪೇಜಿನಿಂದ ಆ ಹೊತ್ತಿಗೆ ಓಡುತ್ತಿರುವ ಜಾಹೀರಾತುಗಳನ್ನು ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ. ನಮ್ಮ ಪೇಜಿನ ಹೆಸರು ಹಾಕಿದರೆ ಒಂದೇ ಒಂದು ಜಾಹೀರಾತೂ ಇಲ್ಲ. ಮರುದಿನ ನೋಡಿದೆವು, ಇಲ್ಲ. ವಾರವಿಡೀ ನೋಡಿದೆವು, ಇಲ್ಲ. ನಾನು ತಿಂಗಳಿಗೆ 15,000 ಕಟ್ಟುತ್ತಿದ್ದೆ. ಜಾಹೀರಾತಿನ ಲೆಕ್ಕ ಇರುವ ಆಡ್ಸ್ ಮ್ಯಾನೇಜರ್ ಪುಟ ತೆರೆದು ಖರ್ಚು ತೋರಿಸಿ ಅಂದರೆ "ಅದು ಕಂಪನಿ ಅಕೌಂಟ್, ಕ್ಲೈಂಟ್‌ಗೆ ತೋರಿಸೋ ಹಾಗಿಲ್ಲ" ಅಂದರು. ಜಾಹೀರಾತು ಅಕೌಂಟ್ ನಿಮ್ಮ ಹೆಸರಿನಲ್ಲೇ ತೆರೆದು, ನಿಮ್ಮ ಕಾರ್ಡಿನಿಂದಲೇ ದುಡ್ಡು ಹೋಗುವ ಹಾಗೆ ಮಾಡಿ. ಅವರಿಗೆ ಕೆಲಸ ಮಾಡುವಷ್ಟು ಹಕ್ಕು ಕೊಡಿ. ಆಗ ಒಂದೊಂದು ರೂಪಾಯಿ ಎಲ್ಲಿಗೆ ಹೋಯಿತು ಅನ್ನುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಇದಕ್ಕೆ ಒಪ್ಪದವರ ಜೊತೆ ವ್ಯವಹಾರ ಬೇಡ.

ದೊಡ್ಡ ಪೆಟ್ಟು ಬಿದ್ದಿದ್ದು ಮಾರ್ಚ್‌ನಲ್ಲಿ. ಒಂದೇ ವಾರದಲ್ಲಿ ಗೂಗಲ್‌ನಲ್ಲಿ ನಮ್ಮ ಅಂಗಡಿಗೆ ಐದು ಸ್ಟಾರ್ ಕೊಟ್ಟ ಅರವತ್ತು ರಿವ್ಯೂ ಬಂದವು. ಒಬ್ಬರ ಮುಖವೂ ನಾವು ನೋಡಿದವರಲ್ಲ. ಒಬ್ಬರಂತೂ "ಊಟ ತುಂಬಾ ರುಚಿಯಾಗಿತ್ತು" ಅಂತ ಬರೆದಿದ್ದರು. ಅಷ್ಟರಲ್ಲಿ ಅಂಗಡಿಯ ಹೆಸರನ್ನೂ ಬದಲಿಸಿದ್ದರು. ಅತ್ತೆಯ ಹೆಸರಿನ ಹಿಂದೆ "ಬೆಸ್ಟ್ ಇಳಕಲ್ ಹ್ಯಾಂಡ್‌ಲೂಮ್ ಸ್ಯಾರಿ ಹೋಲ್‌ಸೇಲ್ ಪ್ರೈಸ್" ಅಂತ ಬಾಲ ಸೇರಿಸಿದ್ದರು. ಬೋರ್ಡಿನ ಮೇಲೆ ಏನು ಹೆಸರಿದೆಯೋ ಅದೇ ಹೆಸರು ಗೂಗಲ್‌ನಲ್ಲಿ ಇರಬೇಕು, ಹೀಗೆ ಪದ ತುಂಬುವುದು ನಿಯಮಕ್ಕೆ ವಿರುದ್ಧ. ಸುಳ್ಳು ರಿವ್ಯೂ ಕೂಡ ಹಾಗೆಯೇ. ಮೊದಲು ಸುಳ್ಳು ರಿವ್ಯೂ ತೆಗೆದುಹಾಕಿದ್ದೇವೆ ಅನ್ನುವ ಸೂಚನೆ ನಮ್ಮ ಅಂಗಡಿಯ ಹೆಸರಿನ ಕೆಳಗೆ ಬಂತು, ಎಲ್ಲರಿಗೂ ಕಾಣುವ ಹಾಗೆ. ಯುಗಾದಿ ಹತ್ತಿರ ಬಂದಾಗ ಅಂಗಡಿಯೇ ಮ್ಯಾಪ್‌ನಿಂದ ಹೋಯಿತು. ಸಸ್ಪೆಂಡ್. ಸುಳ್ಳು ಅರವತ್ತರ ಜೊತೆ ನಿಜವಾದ 312 ಕೂಡ ಕಾಣದಾಯಿತು.

ಮದುವೆ ಸೀಸನ್ ಅದು. ಸೊಲ್ಲಾಪುರದಿಂದ ವರ್ಷಾ ವರ್ಷ ಬರುವ ಮನೆಯವರು ಫೋನ್ ಮಾಡಿ, ಅಂಗಡಿ ಮುಚ್ಚಿಬಿಟ್ಟಿರಾ ಅಂತ ಕೇಳಿದರು.

ಸರಿ ಮಾಡಲು ಹೋದಾಗಲೇ ನಾನು ಓನರ್ ಅಲ್ಲ ಅನ್ನುವುದು ಗೊತ್ತಾಯಿತು. ಮಾಲೀಕತ್ವ ವಾಪಸ್ ಕೊಡಿ ಅಂತ ಗೂಗಲ್ ಮೂಲಕ ಕೇಳಿದೆವು. ಹಾಗೆ ಕೇಳಿದರೆ ಈಗಿನ ಓನರ್‌ಗೆ ಉತ್ತರ ಕೊಡಲು ಮೂರು ದಿನ ಸಮಯ ಇರುತ್ತದೆ. ಮೂರನೇ ದಿನ ಕಂಪನಿಯಿಂದ ಫೋನ್ ಬಂತು. ಈ ಸಲ ಮೇಡಂ ಅನ್ನಲಿಲ್ಲ. "35,000 ಬಾಕಿ ಇದೆ, ಕ್ಲಿಯರ್ ಮಾಡಿ, ಆಮೇಲೆ ಬಿಟ್ಟುಕೊಡ್ತೀವಿ" ಅಂದರು. ಯಾವ ಬಾಕಿ ಅಂತ ಕೇಳಿದರೆ ಸರಿಯಾದ ಬಿಲ್ ಇಲ್ಲ. ವೆಬ್‌ಸೈಟಿನ ವಿಳಾಸ ನೋಡಿದರೆ ಅದೂ ಅವರ ಹೆಸರಿನಲ್ಲೇ ನೋಂದಣಿ ಆಗಿದೆ. ಡಾಟ್ ಇನ್ ವಿಳಾಸ ವರ್ಷಕ್ಕೆ ಸಾವಿರದ ಒಳಗೇ ಸಿಗುತ್ತದೆ. ನಿಮ್ಮ ಸ್ವಂತ ಮೇಲ್‌ನಿಂದ, ನಿಮ್ಮ ಹೆಸರಿನಲ್ಲಿ ನೀವೇ ಕೊಳ್ಳಿ. ಸೈಟ್ ಬೇಕಾದರೆ ಬೇರೆಯವರು ಕಟ್ಟಲಿ.

ನಾವು ಆ 35,000 ಕೊಡಲಿಲ್ಲ. ಕೊಟ್ಟುಬಿಡೋಣ ಅಂತ ಎರಡು ರಾತ್ರಿ ಯೋಚನೆ ಮಾಡಿದ್ದೆ, ನಿಜ. ಮನೆಯವರು ಬೇಡ ಅಂದರು. ವಕೀಲರಿಂದ ನೋಟಿಸ್ ಕಳಿಸಿದೆವು, ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ದಾಖಲಿಸಿದೆವು. ಆನ್‌ಲೈನ್‌ನಲ್ಲಿ ದುಡ್ಡು ಮೋಸ ಆದರೆ 1930ಕ್ಕೆ ತಕ್ಷಣ ಫೋನ್ ಮಾಡಬೇಕು, ತಡ ಮಾಡಿದಷ್ಟೂ ದುಡ್ಡು ಸಿಗುವುದು ಕಷ್ಟ. ನಾವು ಹೋಗುವಷ್ಟರಲ್ಲಿ ಎರಡು ತಿಂಗಳು ಮೀರಿತ್ತು. ಆದರೂ ವಾಟ್ಸಾಪ್ ಮಾತುಕತೆ, ಯುಪಿಐ ರಸೀದಿ ಎಲ್ಲಾ ಅಳಿಸದೆ ಇಟ್ಟಿದ್ದು ಕೈ ಹಿಡಿಯಿತು. ನೋಟಿಸ್ ತಲುಪಿದ ಒಂದು ವಾರಕ್ಕೆ ಗೂಗಲ್ ಮಾಲೀಕತ್ವ ಬಿಟ್ಟುಕೊಟ್ಟರು. ದುಡ್ಡು ಬಂದಿಲ್ಲ.

ಯಾರದಾದರೂ ಅಂಗಡಿ ಸಸ್ಪೆಂಡ್ ಆಗಿದ್ದರೆ ಇದೊಂದು ತಿಳಿದುಕೊಳ್ಳಿ. ಮೊದಲು ಹೆಸರು, ವಿಳಾಸ ಎಲ್ಲಾ ಬೋರ್ಡಿನಲ್ಲಿ ಇರುವ ಹಾಗೆ ಸರಿ ಮಾಡಬೇಕು. ಆಮೇಲೆ ಗೂಗಲ್‌ಗೆ ಅಪೀಲ್. ಪುರಾವೆ ಸೇರಿಸುವ ಫಾರಂ ತೆರೆದ ಮೇಲೆ 60 ನಿಮಿಷದ ಒಳಗೆ ಕಳಿಸಿಬಿಡಬೇಕು, ಇಲ್ಲದಿದ್ದರೆ ಪುರಾವೆ ಸೇರುವುದೇ ಇಲ್ಲ. ಅದಕ್ಕೇ ಜಿಎಸ್‌ಟಿ ಪ್ರಮಾಣಪತ್ರ, ಟ್ರೇಡ್ ಲೈಸೆನ್ಸ್, ಅಂಗಡಿ ವಿಳಾಸದ ಕರೆಂಟ್ ಬಿಲ್ ಮೊದಲೇ ಸ್ಕ್ಯಾನ್ ಮಾಡಿ ಪಕ್ಕದಲ್ಲಿ ಇಟ್ಟುಕೊಂಡು ಕೂರಿ. ಎಲ್ಲದರಲ್ಲೂ ಹೆಸರು, ವಿಳಾಸ ಒಂದೇ ಥರ ಇರಬೇಕು. ನಮ್ಮ ಕರೆಂಟ್ ಬಿಲ್ ಇನ್ನೂ ಮಾವನವರ ಹೆಸರಿನಲ್ಲೇ ಇತ್ತು, ಅದನ್ನು ಬಿಟ್ಟು ಬೇರೆ ಕಾಗದ ಹೊಂದಿಸಲು ನಾಲ್ಕು ದಿನ ಹಿಡಿಯಿತು.

ಬಸವ ಜಯಂತಿ ಕಳೆದ ಮೇಲೆ ಅಂಗಡಿ ಮತ್ತೆ ಮ್ಯಾಪ್‌ನಲ್ಲಿ ಬಂತು. 312ರಲ್ಲಿ 270 ಬಂದಿವೆ. ಅತ್ತೆ ಇದ್ದ ಮೂರು ಫೋಟೋಗಳಲ್ಲಿ ಎರಡು ಇವೆ.

ಇವತ್ತು ರಾತ್ರಿ ಅಂಗಡಿ ಮುಚ್ಚುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಜಿಮೇಲ್‌ನಲ್ಲಿ ಲಾಗಿನ್ ಆಗಿ ಗೂಗಲ್‌ನಲ್ಲಿ ನಿಮ್ಮ ಅಂಗಡಿ ಹುಡುಕಿ. ಮೂರು ಚುಕ್ಕಿ ಒತ್ತಿ, ಬಿಸಿನೆಸ್ ಪ್ರೊಫೈಲ್ ಸೆಟ್ಟಿಂಗ್ಸ್‌ಗೆ ಹೋಗಿ, ಪೀಪಲ್ ಅಂಡ್ ಆಕ್ಸೆಸ್ ಅನ್ನುವುದನ್ನು ತೆರೆಯಿರಿ. ಪ್ರೈಮರಿ ಓನರ್ ಅಂತ ಯಾರ ಹೆಸರಿದೆ ನೋಡಿ. ಎರಡು ನಿಮಿಷವೂ ಬೇಡ. ನಾನು ಹೇಳಿದ ಮೇಲೆ ನಮ್ಮ ಓಣಿಯಲ್ಲೇ ಇಬ್ಬರು ನೋಡಿದರು. ಒಬ್ಬರದು ಅಂಗಡಿ ಬಿಟ್ಟುಹೋದ ಹುಡುಗನ ಹೆಸರಿನಲ್ಲಿತ್ತು. ಇನ್ನೊಬ್ಬರದು ಯಾರ ಮೇಲ್ ಅಂತ ಅವರಿಗೇ ಗೊತ್ತಿಲ್ಲ.

ಮಾರ್ಕೆಟಿಂಗ್ ಬೇಡ ಅಂತ ನಾನು ಹೇಳುತ್ತಿಲ್ಲ. ಈಗಲೂ ಮಾಡುತ್ತಿದ್ದೇವೆ. ಹುಬ್ಬಳ್ಳಿಯ ಒಬ್ಬ ಹುಡುಗಿ ತಿಂಗಳಿಗೆ ಎರಡು ಸಲ ಬಂದು ಮಗ್ಗದ ಮನೆಗಳಲ್ಲಿ ವಿಡಿಯೋ ಮಾಡುತ್ತಾಳೆ. ಅವಳು ಮ್ಯಾನೇಜರ್ ಅಷ್ಟೇ, ಪಾಸ್‌ವರ್ಡ್ ಕೇಳಿಯೇ ಇಲ್ಲ. ಸೀರೆಯ ನಿಜವಾದ ಬೆಲೆ ವಾಟ್ಸಾಪ್ ಕ್ಯಾಟಲಾಗ್‌ನಲ್ಲಿ ಹಾಕಿದ್ದೇವೆ. ಫೋನ್ ಕಡಿಮೆ ಬರುತ್ತವೆ, ಆದರೆ ಬಂದವರು ಬೆಲೆ ನೋಡಿಕೊಂಡೇ ಬಂದಿರುತ್ತಾರೆ.

ವೆಬ್‌ಸೈಟ್ ವಿಳಾಸ ಮಾತ್ರ ಇನ್ನೂ ಅವರ ಹತ್ತಿರವೇ ಇದೆ. ಬರುವ ಜನವರಿಗೆ ಒಂದು ವರ್ಷ ಮುಗಿಯುತ್ತದೆ, ಅವರು ರಿನ್ಯೂ ಮಾಡದೆ ಬಿಟ್ಟರೆ ಕೊಳ್ಳೋಣ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಆ ವಿಳಾಸ ಅಚ್ಚು ಹಾಕಿಸಿದ ಎರಡು ಸಾವಿರ ಕೈಚೀಲ ಸಂಕ್ರಾಂತಿಯಿಂದ ಯುಗಾದಿಯವರೆಗೆ ಗಿರಾಕಿಗಳಿಗೆ ಹಂಚಿಬಿಟ್ಟಿದ್ದೆವು. ನಿಮ್ಮ ಮನೆಯಲ್ಲಿ ಅಂಥ ಕೆಂಪು ಚೀಲ ಇದ್ದರೆ ಅದರ ಮೇಲಿನ ಫೋನ್ ನಂಬರ್ ನಮ್ಮದೇ, ಧೈರ್ಯವಾಗಿ ಮಾಡಿ. ಕೆಳಗಿರುವ ವೆಬ್‌ಸೈಟ್ ನಮ್ಮದಲ್ಲ. ಅಲ್ಲಿ ಏನು ಕಂಡರೂ ದುಡ್ಡು ಕಟ್ಟಬೇಡಿ.