ಎರಡು ಸಾವಿರದ ಬ್ಯಾಂಡು, ಕೊಡಗಿನ ಮಳೆ: ಯಾವ ಅಂಕಿ ನಂಬಬಹುದು?

ಮಣಿಕಟ್ಟಿಗೆ ಕಟ್ಟುವ, ಎರಡು ಸಾವಿರ ರೂಪಾಯಿ ಆಸುಪಾಸಿನ ಸಿಲಿಕೋನ್ ಬ್ಯಾಂಡುಗಳ ಡಬ್ಬಿಯ ಮೇಲೆ ನಾಡಿ, ಆಮ್ಲಜನಕ, ನಿದ್ದೆ, ಹೆಜ್ಜೆ, ಬಿಪಿ ಎಲ್ಲವೂ ಅಚ್ಚಾಗಿರುತ್ತವೆ. ಕೆಲವದರಲ್ಲಿ ಶುಗರ್ ಕೂಡ. ಕೊಡಗಿನ ಮಳೆಗಾಲದಲ್ಲಿ ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸುವುದು ಇವುಗಳಲ್ಲಿ ಒಂದೇ: ಸುಮ್ಮನೆ ಕೂತಾಗಿನ ಅಥವಾ ಮಲಗಿದಾಗಿನ ನಾಡಿ.

ಬ್ಯಾಂಡಿನ ತಳದಲ್ಲಿ ಮಿನುಗುವ ಹಸಿರು ಬೆಳಕನ್ನು ರಕ್ತ ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ರಕ್ತ ಉಕ್ಕಿದಾಗ ವಾಪಸ್ ಬರುವ ಬೆಳಕು ತುಸು ಕಡಿಮೆಯಾಗುತ್ತದೆ. ಯಂತ್ರ ಎಣಿಸುವುದು ಆ ಏರಿಳಿತವನ್ನು. ಮಳೆ ಜೋರಾಗಿರುವ ಕಕ್ಕಡ ತಿಂಗಳ ಚಳಿಗೆ ಕೈ ತಣ್ಣಗಾದರೆ ಚರ್ಮದ ಸಣ್ಣ ರಕ್ತನಾಳಗಳು ಮುದುಡಿಕೊಳ್ಳುತ್ತವೆ, ಏರಿಳಿತವೇ ಸಿಗುವುದಿಲ್ಲ. ಆಗ ಅಗ್ಗದ ಬ್ಯಾಂಡು ಅಂಕಿಯ ಜಾಗದಲ್ಲಿ ಬರೀ ಗೆರೆ ತೋರಿಸಿ ಸುಮ್ಮನಾದರೆ ಒಳ್ಳೆಯದು. ಹಲವು ಬ್ಯಾಂಡುಗಳು ಹಳೆಯ ಅಂಕಿಯನ್ನೇ ಹಿಡಿದುಕೊಂಡು ಕೂರುತ್ತವೆ. ಒಲೆ ಬಳಿ ಕೈ ಕಾಯಿಸಿ, ಒದ್ದೆ ಒರೆಸಿ, ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಮೇಲೆ ಕಟ್ಟಿ. ಜಾರಬಾರದು, ಅಚ್ಚೂ ಬೀಳಬಾರದು. ಐದು ನಿಮಿಷ ಕೂತು, ಇನ್ನೊಂದು ಕೈಯ ನಾಡಿಯನ್ನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. ಮೂರು ನಾಲ್ಕು ಬಡಿತದ ಒಳಗೆ ಹೊಂದಿದರೆ ಬ್ಯಾಂಡು ಇಟ್ಟುಕೊಳ್ಳಬಹುದು.

ತೋಟದ ಕೆಲಸದಲ್ಲಿ ಇದೇ ಬ್ಯಾಂಡು ಕೈಕೊಡುತ್ತದೆ. ಕಾಫಿ ಕುಯ್ಲಿನಲ್ಲಿ ಮಣಿಕಟ್ಟು ಬಗ್ಗುತ್ತಲೇ ಇರುವುದರಿಂದ ಸಂವೇದಕ ಚರ್ಮದಿಂದ ಬಿಟ್ಟು ಬಿಟ್ಟು ಕೂರುತ್ತದೆ, ಹೊರಗಿನ ಬೆಳಕು ನುಗ್ಗುತ್ತದೆ. ಏರು ಹತ್ತುವಾಗ ಇನ್ನೊಂದು ಕೋಟಲೆ: ಕೈ ಬೀಸುವ ತಾಳವನ್ನೇ ನಾಡಿ ಎಂದು ತಿಳಿದು, ನಿಜದ ಬಡಿತ 140 ಇದ್ದರೂ ಹೆಜ್ಜೆಯ ಲೆಕ್ಕಕ್ಕೆ ಸರಿಯಾಗಿ 110 ತೋರಿಸಬಹುದು. ಹೆಜ್ಜೆ ಎಣಿಕೆಯಂತೂ ನಿಂತಲ್ಲೇ ಕುಯ್ಯುವವರಿಗೂ ಏರುತ್ತಾ ಹೋಗುತ್ತದೆ. ಅದನ್ನು ಮರೆತುಬಿಡಿ.

ರಕ್ತದಲ್ಲಿನ ಆಮ್ಲಜನಕದ ಅಂಕಿಗೆ ಕೆಂಪು ಮತ್ತು ಅವಕೆಂಪು (ಇನ್‌ಫ್ರಾರೆಡ್), ಎರಡು ಬೆಳಕಿನ ಅನುಪಾತ ಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ಕ್ಲಿಪ್ಪಿನಲ್ಲಿ ಬೆಳಕು ಬೆರಳನ್ನು ದಾಟಿ ಹೋಗುತ್ತದೆ; ಮಣಿಕಟ್ಟಿನಲ್ಲಿ ಚದುರಿ ವಾಪಸ್ ಬಂದದ್ದಷ್ಟೇ ಆಧಾರ, ಸಂಕೇತವೂ ದುರ್ಬಲ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಆರೋಗ್ಯವಂತರಲ್ಲಿ ಒಂದೆರಡು ಅಂಕ ಇಳಿದರೆ ಹೆಚ್ಚು. ಹಾಗಾಗಿ ಶೇಕಡಾ 90 ಕಂಡರೆ ‘ಬೆಟ್ಟದ ಊರಲ್ಲವೇ’ ಎಂದು ಸಮಾಧಾನ ಪಡುವಂತಿಲ್ಲ. ಕೈ ಬೆಚ್ಚಗೆ ಮಾಡಿ, ಉಗುರುಬಣ್ಣ, ಮದರಂಗಿ ಇಲ್ಲದ ಬೆರಳಿಗೆ ಕ್ಲಿಪ್ ಹಾಕಿ ನೋಡಿ. ಆಗಲೂ ಅಷ್ಟೇ ಇದ್ದರೆ ಆಸ್ಪತ್ರೆಗೆ ಹೊರಡಿ. ಚರ್ಮ ಕಪ್ಪಾಗಿದ್ದರೆ ಕ್ಲಿಪ್ಪು ಕೂಡ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಆದ್ದರಿಂದ ಅಂಕಿ ಚೆನ್ನಾಗಿದ್ದು ಉಸಿರು ಕಟ್ಟುತ್ತಿದ್ದರೆ ಉಸಿರನ್ನೇ ನಂಬಬೇಕು.

ಬಿಪಿ ಎಂದು ಈ ಬ್ಯಾಂಡುಗಳು ಕೊಡುವುದು ನಾಡಿಯ ಅಲೆಯಿಂದ ಮಾಡಿದ ಊಹೆ. ತೋಳಿಗೆ ಪಟ್ಟಿ ಸುತ್ತುವ ಯಂತ್ರಕ್ಕೆ ಬದಲಿಯಲ್ಲ. ಶುಗರ್ ಅಂಕಿಯನ್ನಂತೂ ನಂಬಲೇಬಾರದು, ಅದರಲ್ಲಿ ಅನುಮಾನಕ್ಕೇ ಜಾಗವಿಲ್ಲ. ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇವೆನ್ನುವ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ. ಇನ್ಸುಲಿನ್ ತೆಗೆದುಕೊಳ್ಳುವವರು ಆ ಅಂಕಿ ನೋಡಿ ಪ್ರಮಾಣ ಬದಲಿಸಿದರೆ ಜೀವಕ್ಕೇ ಕುತ್ತು.

ಮಕ್ಕಳ ಕಂಕುಳಿಗೆ ಅಂಟಿಸುವ ಜ್ವರದ ಮೆತ್ತನೆ ಪಟ್ಟಿ ಬೇರೆ ಜಾತಿಯದು, ಸರಿಯಾಗಿ ಬಳಸಿದರೆ ಉಪಯೋಗಕ್ಕೆ ಬರುತ್ತದೆ. ಇಂಥವುಗಳಲ್ಲಿ ಸಾಮಾನ್ಯವಾಗಿ ಇರುವುದು ಥರ್ಮಿಸ್ಟರ್, ಅಂದರೆ ಬಿಸಿ ಏರಿದಂತೆ ವಿದ್ಯುತ್ ತಡೆ ಇಳಿಯುವ ಬಿಡಿಭಾಗ. ಆ ತಡೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ಕಿಲೋ ಓಮ್, 37ರಲ್ಲಿ ಸುಮಾರು 6. ಡಿಗ್ರಿಗೆ ಶೇಕಡಾ 4ರಷ್ಟು ಬದಲಾಗುತ್ತದೆ. ಪಟ್ಟಿಯ ಅಂಚು ಬಿಟ್ಟು ಬೆವರು ಒಳಗೆ ಸೇರಿ 150 ಕಿಲೋ ಓಮ್ ತಡೆಯ ಹಾದಿಯಲ್ಲಿ ಕರೆಂಟು ಸೋರಿದರೂ ಒಟ್ಟು ತಡೆ ಇಳಿದು ಹತ್ತಿರ ಹತ್ತಿರ ಒಂದು ಡಿಗ್ರಿ ಸುಳ್ಳು ಜ್ವರ ಕೂಡಿಕೊಳ್ಳುತ್ತದೆ. ಪದೇ ಪದೇ ಮಡಚಿ ತಾಮ್ರದ ಗೆರೆ ಬಿರುಕು ಬಿಟ್ಟರೆ ಉಲ್ಟಾ: ತಡೆ ಏರಿ ಅಂಕಿ ದಿಢೀರನೆ ಪಾತಾಳಕ್ಕೆ ಇಳಿಯುತ್ತದೆ. ಎಣ್ಣೆ ಹಚ್ಚಿದ ಮೈಗೆ ಅಂಟು ಹಿಡಿಯದು. ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ ಅಂಟಿಸಿ, ಕೈ ಮುಚ್ಚಿಸಿ 15 ನಿಮಿಷ ಕಾಯಿರಿ. ಪರೀಕ್ಷೆಗೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಪಟ್ಟಿ ಹಾಕಿ, ಗಾಳಿ ಹಿಂಡಿ ತೆಗೆದು, ಡಿಜಿಟಲ್ ಥರ್ಮಾಮೀಟರಿನ ಜೊತೆ ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ ಹೋಲಿಸಿ.

ಮತ್ತೆ ಮಣಿಕಟ್ಟಿಗೆ ಬಂದರೆ, ಬ್ಯಾಂಡು ಬೇಗ ಸಾಯುವುದು ಚಾರ್ಜಿಂಗ್ ಪಿನ್ನಿನಿಂದ. ಬೆವರಿನ ಉಪ್ಪು ಉಳಿದಿರುವಾಗಲೇ ಕರೆಂಟು ಹರಿದರೆ ಹಸಿರು ಕಿಲುಬು ಕಟ್ಟುತ್ತದೆ. ಒರೆಸಿ, ಒಣಗಿಸಿ, ಆಮೇಲೆ ಚಾರ್ಜಿಗಿಡಿ. ಡಬ್ಬಿಯ ಮೇಲೆ ನೀರು, ದೂಳು ತಡೆಯುವ ಗುರುತಾದ ಐಪಿ68 ಎಂದಿದ್ದರೂ ಹಂಡೆಯ ಬಿಸಿನೀರಿನ ಸ್ನಾನಕ್ಕೆ ಹಾಕಿಕೊಂಡು ಹೋಗಬೇಡಿ. ಆ ಪರೀಕ್ಷೆ ತಣ್ಣನೆಯ ಸಿಹಿನೀರಿನದು, ಆವಿಗೂ ಸೋಪಿಗೂ ಲೆಕ್ಕವಿಲ್ಲ. ದಿನಾ ಒಂದಷ್ಟು ಹೊತ್ತು ಬಿಚ್ಚಿಡಿ, ಇಲ್ಲದಿದ್ದರೆ ಬ್ಯಾಂಡಿನಡಿ ತುರಿಕೆ ಏಳುತ್ತದೆ.

ಕೊಳ್ಳುವಾಗ ಬೇರೆ ಪಟ್ಟಿ ಸಿಕ್ಕಿಸಬಹುದಾದ ಮಾದರಿ ಆರಿಸಿ. ಭಾಗಮಂಡಲದ ಕಡೆ ಮಳೆಗೆ ನೆಟ್‌ವರ್ಕ್ ಹೋದಾಗ ಲಾಗಿನ್ ಕೇಳುತ್ತಾ ನಿಂತುಬಿಡುವ ಆ್ಯಪ್ ಇದ್ದರೆ ಬ್ಯಾಂಡಿನಲ್ಲಿರುವ ದಾಖಲೆ ಫೋನಿಗೆ ಇಳಿಯುವುದಿಲ್ಲ. ಫೋನಿನ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ, ಬ್ಲೂಟೂತ್ ಮಾತ್ರ ಇಟ್ಟುಕೊಂಡು ಒಂದು ರಾತ್ರಿಯ ನಾಡಿ ಬರುತ್ತದೆಯೇ ಎಂದು ವಾಪಸ್ ಕಳಿಸುವ ಗಡುವು ಮುಗಿಯುವ ಮೊದಲೇ ನೋಡಿಕೊಳ್ಳಿ.