ಮೀಟರಿನಿಂದ ಸಂಪಿನವರೆಗೆ: ಜಿಐ, ಸಿಪಿವಿಸಿ, ಎಚ್‌ಡಿಪಿಇ – ಮಣ್ಣಿನಡಿ ಬಾಳುವುದು ಯಾವುದು?

ಜಲಮಂಡಳಿಯ ಮೀಟರಿನಿಂದ ಮನೆಯ ಸಂಪಿಗೆ, ಅಂದರೆ ನೆಲದಡಿಯ ನೀರಿನ ತೊಟ್ಟಿಗೆ, ಬರುವ ಲೈನು 30x40 ಸೈಟಿನಲ್ಲಿ ಹೆಚ್ಚೆಂದರೆ 30-40 ಅಡಿ. ಅದು ಸೋರಿತೆಂದರೆ ಕಾರ್ ನಿಲ್ಲಿಸುವ ಜಾಗದ ಟೈಲ್ಸ್, ಅದರಡಿಯ ಕಾಂಕ್ರೀಟು ಎರಡನ್ನೂ ಒಡೆಯಬೇಕು. ಒಟ್ಟು ಖರ್ಚಿನಲ್ಲಿ ಪೈಪಿನ ಪಾಲು ಸಣ್ಣದು, ಅಗೆದು ಮತ್ತೆ ನೆಲ ಮಾಡುವ ಕೂಲಿಯೇ ದೊಡ್ಡದು. ಆದ್ದರಿಂದ ಅಂಗಡಿಯಲ್ಲಿ ಅಡಿಗಿಷ್ಟು ಉಳಿಯಿತು ಅನ್ನುವ ಲೆಕ್ಕ ಇಲ್ಲಿ ನಡೆಯೋಲ್ಲ. ಜಿಐ (ಸತು ಬಳಿದ ಕಬ್ಬಿಣ), ಸಿಪಿವಿಸಿ (ಬಿಸಿನೀರನ್ನೂ ತಡೆಯುವ ಗಟ್ಟಿ ಪ್ಲಾಸ್ಟಿಕ್ಕು), ಎಚ್‌ಡಿಪಿಇ (ಬಾಗುವ ಪ್ಲಾಸ್ಟಿಕ್ಕು) ಒಂದೊಂದನ್ನೂ ಹಾಕಿ, ಅಗೆದು ತೆಗೆದು, ಬದಲಿಸಿ ನೋಡಿದ ಮೇಲೆ ನಾವು ಪೈಪನ್ನು ಅಳೆಯುವುದು ಎರಡೇ ಪ್ರಶ್ನೆಯಿಂದ: ಮಣ್ಣಿನಡಿ ಎಷ್ಟು ಜಾಯಿಂಟು ಉಳಿಯುತ್ತದೆ? ನೀರು ಬಾರದ ದಿನ ಆ ಜಾಯಿಂಟು ಏನು ಮಾಡುತ್ತದೆ?

ಎರಡನೆಯ ಪ್ರಶ್ನೆ ಬೆಂಗಳೂರಿಗೆ ಮುಖ್ಯ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಪಂಪಾಗಿ ಬರುತ್ತದೆ, ಆದರೆ ಎಷ್ಟೋ ಬಡಾವಣೆಗಳಿಗೆ ಬಿಡುವುದು ದಿನ ಬಿಟ್ಟು ದಿನ, ಅದೂ ಕೆಲವೇ ಗಂಟೆ. ಮಿಕ್ಕ ಹೊತ್ತು ಪೈಪು ಖಾಲಿ. ಒತ್ತಡವಿದ್ದಾಗ ನೀರನ್ನು ಹೊರಕ್ಕೆ ಬಿಡುವ ತೂತು, ನೀರು ನಿಂತು ಪೈಪು ಬರಿದಾಗುವಾಗ ಸುತ್ತಲಿನ ಕೊಳೆಯನ್ನು ಒಳಕ್ಕೆ ಎಳೆಯುತ್ತದೆ. ನೀರು ಬಿಟ್ಟ ಮೊದಲ ಐದು ನಿಮಿಷ ಕೆಂಪಗೆ ಅಥವಾ ವಾಸನೆಯಾಗಿ ಬರುತ್ತಿದ್ದರೆ, ರಸ್ತೆಯ ಲೈನನ್ನು ಬಯ್ಯುವ ಮುಂಚೆ ಮನೆಯ ಲೈನು ನೋಡಿ.

ನೋಡುವುದು ಸುಲಭ. ನೀರು ಬಿಟ್ಟ ಹೊತ್ತಿನಲ್ಲಿ ಸಂಪಿನ ಬಾಯಲ್ಲಿರುವ ವಾಲ್ವನ್ನು ಪೂರ್ತಿ ಮುಚ್ಚಿ. ವಾಲ್ವಿಲ್ಲದಿದ್ದರೆ ಫ್ಲೋಟಿನ ಬಾಲನ್ನು ಮೇಲಕ್ಕೆತ್ತಿ ಕಟ್ಟಿ. ಮೀಟರಿನ ಗಾಜಿನೊಳಗಿನ ಚಿಕ್ಕ ಚಕ್ರ ಆಗಲೂ ತಿರುಗುತ್ತಿದ್ದರೆ ಸೋರಿಕೆ ಮೀಟರು-ಸಂಪಿನ ನಡುವೆಯೇ ಇದೆ, ಅದು ನಿಮ್ಮ ಖರ್ಚು. ಚಕ್ರ ನಿಂತಿದೆ, ಆದರೂ ಗೇಟಿನ ಹೊರಗೆ ನೆಲ ಒದ್ದೆಯಿದೆ ಅಂದರೆ ಮೀಟರಿಗಿಂತ ಹಿಂದಿನದ್ದು. 1916ಕ್ಕೆ ಫೋನು ಮಾಡಿ ಜಲಮಂಡಳಿಗೆ ಹೇಳಬೇಕು. ಆ ಭಾಗಕ್ಕೆ, ಅಂದರೆ ರಸ್ತೆಯ ಲೈನಿಗೆ ಕಚ್ಚಿಸಿರುವ ಫೆರೂಲಿಗೆ, ಮನೆಯ ಪ್ಲಂಬರ್ ಕೈ ಹಾಕುವಂತಿಲ್ಲ.

ತೇಪೆಯೋ, ಹೊಸ ಲೈನೋ

ರಬ್ಬರ್ ಇಟ್ಟು ಬಿಗಿಯುವ ಕ್ಲ್ಯಾಂಪು ಅರ್ಧ ಗಂಟೆಯ ಕೆಲಸ. ಪಿಕಾಸಿ ಏಟು ಬಿದ್ದೋ, ಕಲ್ಲು ಒತ್ತಿಯೋ ಒಂದೇ ಕಡೆ ತೂತಾದ ಪೈಪಿಗೆ ಅದು ಸಾಕು. ತುಕ್ಕಿನಿಂದ ತೂತಾದ ಜಿಐಗೆ ಬೇಡ. ಸುತ್ತಲಿನ ಒಂದು ಅಡಿ ಮಣ್ಣು ಬಿಡಿಸಿ ಪೈಪನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಪದರ ಪದರವಾಗಿ ಉದುರಿದರೆ ಅಥವಾ ಕ್ಲ್ಯಾಂಪು ಬಿಗಿಯುವಾಗ ಪೈಪೇ ತಗ್ಗಿದರೆ ಮುಂದಿನ ತೂತು ಪಕ್ಕದಲ್ಲೇ ಕಾದಿದೆ. ಎರಡನೇ ಕ್ಲ್ಯಾಂಪಿಗೆ ಅಗೆಯುವ ದುಡ್ಡನ್ನು ಹೊಸ ಲೈನಿಗೆ ಹಾಕುವುದೇ ವಾಸಿ.

ಜಿಐ

ಜಯನಗರ, ರಾಜಾಜಿನಗರದ ಹಳೇ ಮನೆಗಳಲ್ಲಿ ನೆಲದಡಿ ಇರುವುದು ಹೆಚ್ಚಾಗಿ ಇದೇ. ಪೈಪೇನೋ ಗಟ್ಟಿ, ಸೋಲುವುದು ಥ್ರೆಡ್ಡು. ಡೈ ಹಾಕಿ ಥ್ರೆಡ್ ಕತ್ತರಿಸುವಾಗ ಸತುವಿನ ಪದರ ಹೋಗಿ ಬರಿ ಕಬ್ಬಿಣ ಉಳಿಯುತ್ತದೆ, ಗೋಡೆಯೂ ಅಲ್ಲೇ ತೆಳ್ಳಗಾಗಿರುತ್ತದೆ. ಎಲ್ಬೋ, ಕಪ್ಲರಿನ ಅಂಚಿನಿಂದಲೇ ತುಕ್ಕು ಶುರು. ಜೊತೆಗೆ ಒಳಗೆ ಕಟ್ಟುವ ತುಕ್ಕಿನ ಗಂಟು: ಅರ್ಧ ಇಂಚಿನ ಪೈಪಿನ ಒಳವ್ಯಾಸ 16 ಮಿ.ಮೀ.ಯಿಂದ 12ಕ್ಕೆ ಇಳಿದರೆ ಅದೇ ಒತ್ತಡಕ್ಕೆ ಬರುವ ನೀರು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎರಡು ಗಂಟೆಯಷ್ಟೇ ನೀರು ಬಿಡುವ ಕಡೆ ಸಂಪು ತುಂಬದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅದಕ್ಕೆಂದು ಕೆಲವರು ಜಲಮಂಡಳಿಯ ಲೈನಿಗೇ ಮೋಟರ್ ಹಚ್ಚುತ್ತಾರೆ. ಅದಕ್ಕೆ ನಿಷೇಧವಿದೆ, ಮೇಲಾಗಿ ತೂತಿದ್ದ ಲೈನಿಗೆ ಮೋಟರ್ ಹಚ್ಚಿದರೆ ಚರಂಡಿಯ ನೀರನ್ನು ಎಳೆದು ಕುಡಿದಂತೆಯೇ.

ನೆಲದ ಮೇಲೆ, ಏಟು ಬೀಳುವ ಕಡೆ ಮಾತ್ರ ಜಿಐ ಈಗಲೂ ಬೇಕು: ಮೀಟರಿನ ಆಚೆ-ಈಚೆಯ ಒಂದೊಂದು ಅಡಿ, ಗೇಟಿನ ಪಕ್ಕದ ನಲ್ಲಿ. ಅಲ್ಲಿಗೆ ಕೆಂಪು ಪಟ್ಟಿಯ ಸಿ ಕ್ಲಾಸ್, ಅಥವಾ ನೀಲಿ ಪಟ್ಟಿಯ ಬಿ ಕ್ಲಾಸ್ ತನ್ನಿ. ಹಳದಿ ಪಟ್ಟಿಯ ಎ ಕ್ಲಾಸ್‌ನ ಗೋಡೆ ಥ್ರೆಡ್ ಹಾಕಿದ ಮೇಲೆ ಕಾಗದದಷ್ಟು ಉಳಿಯುತ್ತದೆ.

ಸಿಪಿವಿಸಿ ಮತ್ತು ಯುಪಿವಿಸಿ

ಪ್ಲಂಬರ್‌ಗಳು ಮೊದಲು ಹೇಳುವುದು ಸಿಪಿವಿಸಿ. ಕೈಗೆ ಒಗ್ಗಿದೆ, ಸಾಮಾನು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಬಿಸಿನೀರನ್ನು ತಡೆಯುವುದು ಅದರ ದೊಡ್ಡ ಗುಣ. ತಣ್ಣೀರಿನ ಲೈನಿನಲ್ಲಿ ಆ ಗುಣಕ್ಕೆ ಕೊಟ್ಟ ದುಡ್ಡು ದಂಡ. ಮಣ್ಣಿನಡಿ ಹಾಕಲೇಬೇಕೆಂದರೆ ಎಸ್‌ಡಿಆರ್ 11 (ಹೊರವ್ಯಾಸ ಗೋಡೆಯ ದಪ್ಪದ 11 ಪಟ್ಟು) ಇರಲಿ, 13.5 ತೆಳು. ಉದ್ದುದ್ದದ ತುಂಡುಗಳಾಗಿ ಬರುವುದರಿಂದ ಎರಡು ತಿರುವಿರುವ 35 ಅಡಿಯ ಲೈನಿನಲ್ಲಿ ಏಳೆಂಟು ಜಾಯಿಂಟು ಸುಮ್ಮನೆ ಕೂಡುತ್ತವೆ.

ಕೆಡುವುದು ಅವಸರದಿಂದ. ಪೈಪನ್ನು ನೇರ ಕತ್ತರಿಸಿ, ಅಂಚು ಕೆರೆದು, ಒರೆಸಿ, ಪೈಪಿಗೂ ಫಿಟಿಂಗಿಗೂ ಸಲ್ಯೂಷನ್ (ಅಂಟು) ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ತಳ ಮುಟ್ಟುವಷ್ಟು ತಳ್ಳಿ, 30 ಸೆಕೆಂಡ್ ಹಿಡಿದಿರಬೇಕು. ಬಿಟ್ಟರೆ ಪೈಪು ಹಿಂದಕ್ಕೆ ಜಾರುತ್ತದೆ. ಜಾಯಿಂಟಿನ ಸುತ್ತ ಸಲ್ಯೂಷನ್ನಿನ ಸಣ್ಣ ಉಂಗುರ ಕಂಡರೆ ಸರಿಯಾಗಿದೆ. ಒದ್ದೆ ಪೈಪಿಗೆ ಹಚ್ಚಿದ್ದು ಅಂಟುವುದಿಲ್ಲ. ಒತ್ತಡ ಕೊಡುವ ಮುಂಚೆ ಒಂದು ಇಡೀ ದಿನ ಬಿಡಿ. ‘ಸಂಜೆ ನೀರು ಬಿಡ್ತಾರೆ, ಅಷ್ಟರಲ್ಲಿ ಮುಗಿಸಿಬಿಡಿ ಸಾರ್’ ಎಂದು ಓನರ್ ಅಂದ ದಿನದ ಜಾಯಿಂಟುಗಳೇ ಆಮೇಲೆ ಜಿನುಗುವುದು. ಎಫ್‌ಟಿಎಗೆ, ಅಂದರೆ ಒಳಥ್ರೆಡ್ಡಿನ ಪ್ಲಾಸ್ಟಿಕ್ ಫಿಟಿಂಗಿಗೆ, ಜಿಐ ನಿಪ್ಪಲ್ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ, ಅಲ್ಲಿ ಹಿತ್ತಾಳೆ ಇನ್ಸರ್ಟ್ ಇರುವುದನ್ನೇ ಹಾಕಿ. ಥ್ರೆಡ್ಡಿಗೆ ಟೆಫ್ಲಾನ್ ಟೇಪು ಸಾಕು. ಎಣ್ಣೆ ಮಿಶ್ರದ ಪೇಸ್ಟು, ಎಣ್ಣೆ ಪೇಂಟು, ಗೆದ್ದಲಿಗೆ ಹೊಡೆಯುವ ಔಷಧಿಯ ದ್ರಾವಕ ಇವೆಲ್ಲ ಸಿಪಿವಿಸಿಯನ್ನು ತಿನ್ನುತ್ತವೆ.

ತಣ್ಣೀರಿಗಷ್ಟೇ ಆಗುವ ಬಿಳಿ ಯುಪಿವಿಸಿಗೆ ಸರಿಯಾದ ಜಾಗ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ಏರುವ ಲೈನು. ಮೂರು ಮಹಡಿಗೆ 12 ಮೀಟರ್ ಎತ್ತರ ಅಂದರೂ ನಿಂತ ನೀರಿನ ಒತ್ತಡ ಚದರ ಸೆಂ.ಮೀ.ಗೆ 1.2 ಕೆ.ಜಿ. ಮಾತ್ರ. ಮೋಟರ್ ನಿಂತಾಗಿನ ಹೊಡೆತಕ್ಕೆ ಎನ್‌ಆರ್‌ವಿ (ನೀರನ್ನು ಹಿಂದಕ್ಕೆ ಬಿಡದ ವಾಲ್ವು), ಅಲುಗಾಟಕ್ಕೆ ನಾಲ್ಕಡಿಗೊಂದು ಕ್ಲಿಪ್ಪು, ದಪ್ಪ ಗೋಡೆಯ ಷೆಡ್ಯೂಲ್ 80 ಪೈಪು ಇದ್ದರೆ ಅಲ್ಲಿ ಬೇರೆ ಯೋಚನೆ ಬೇಡ.

ಪಿಪಿಆರ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನದೂ ಒಳ್ಳೆಯ ಪೈಪೇ. ಆದರೆ 260 ಡಿಗ್ರಿಯ ಮಷೀನಿನಲ್ಲಿ ಬೆಸೆಯಬೇಕು, ಕೆಸರು ಗುಂಡಿಯೊಳಗೆ ಆ ಕೆಲಸ ಶುಚಿಯಾಗಿ ಆಗುವುದಿಲ್ಲ.

ಎಚ್‌ಡಿಪಿಇ

ನೆಲದಡಿಗೆ ನಮ್ಮ ಆಯ್ಕೆ ಇದು. ಸುರುಳಿಯಲ್ಲಿ ಬರುತ್ತದೆ, ಮೀಟರಿನಿಂದ ಸಂಪಿನವರೆಗೆ ಒಂದೇ ತುಂಡು. ಎರಡೇ ಜಾಯಿಂಟು, ಎರಡೂ ನೆಲದ ಮೇಲೆ. ತುಕ್ಕಿಲ್ಲ, ನೆಲ ಸ್ವಲ್ಪ ಕುಸಿದರೂ ಬಾಗುತ್ತದೆ.

ಕೊಳ್ಳುವಾಗ ಎರಡು ಮೋಸ. ಒಂದು ಅಳತೆಯದು: ಎಚ್‌ಡಿಪಿಇ ಅಳತೆ ಹೊರವ್ಯಾಸದ್ದು. ಮುಕ್ಕಾಲು ಇಂಚಿನ ಜಿಐ ಜಾಗಕ್ಕೆ ‘20 ಎಂಎಂ’ ಕೇಳಿದರೆ ಕೈಗೆ ಬರುವುದು ಅರ್ಧ ಇಂಚಿನದು. ಮುಕ್ಕಾಲಿಗೆ 25, ಒಂದು ಇಂಚಿಗೆ 32 ಕೇಳಬೇಕು. ಇನ್ನೊಂದು ಮಾಲಿನದು: ಪಿಇ 100 (ಪ್ಲಾಸ್ಟಿಕ್ಕಿನ ದರ್ಜೆ), ಪಿಎನ್ 16 (ಒತ್ತಡದ ದರ್ಜೆ), ಐಎಸ್ 4984 (ಭಾರತೀಯ ಮಾನಕ) ಎಂದು ಪೈಪಿನ ಮೇಲೇ ಅಚ್ಚಾಗಿರಬೇಕು. 25 ಮಿ.ಮೀ. ಪೈಪಿನ ಗೋಡೆ 2.3 ಮಿ.ಮೀ. ಇರಬೇಕು. ತುದಿಗೆ ಕ್ಯಾಲಿಪರ್ ಹಿಡಿದು ನೋಡಿ. ಒಳಮೈ ಒರಟಾಗಿ, ಸುಟ್ಟ ವಾಸನೆ ಬಂದರೆ ಅದು ಗುಜರಿ ಪ್ಲಾಸ್ಟಿಕ್ಕು, ನೀರಾವರಿಗೂ ಬೇಡ.

ಸಲ್ಯೂಷನ್ ಇದಕ್ಕೆ ಅಂಟುವುದೇ ಇಲ್ಲ, ತುದಿಗೆ ಕಂಪ್ರೆಷನ್ ಫಿಟಿಂಗ್ ಬೇಕು. ಸೋರುವುದಿದ್ದರೆ ಅಲ್ಲೇ. ಅಂಚು ಕೆರೆಯದೆ ತಳ್ಳಿದರೆ ಒಳಗಿನ ಓ-ರಿಂಗ್ ಮಡಚಿಕೊಳ್ಳುತ್ತದೆ. ಪೈಪಿನ ಉದ್ದಕ್ಕೆ ಗೀರು ಬಿದ್ದಿದ್ದರೆ ಆ ಗೀರಿನಲ್ಲೇ ನೀರು ಹರಿದು ಬರುತ್ತದೆ. ಆ ತುಂಡನ್ನು ಕತ್ತರಿಸಿ ಹಾಕಿ. ಫಿಟಿಂಗಿನ ಆಳವನ್ನು ಪೈಪಿನ ಮೇಲೆ ಪೆನ್ನಿನಲ್ಲಿ ಗುರುತಿಸಿ, ಗುರುತು ಮುಚ್ಚುವವರೆಗೆ ತಳ್ಳಿ, ಆಮೇಲೆ ನಟ್ಟನ್ನು ಕೈಯಲ್ಲಿ ಬಿಗಿದು ಸ್ಟ್ರಾಪ್ ರೆಂಚಿನಲ್ಲಿ ಮುಗಿಸಿ. ಪೈಪ್ ರೆಂಚಿನ ಹಲ್ಲು ನಟ್ಟನ್ನು ಸೀಳುತ್ತದೆ.

ಗುಂಡಿ ಎರಡಡಿ ಆಳ. ತಳಕ್ಕೆ ನಾಲ್ಕು ಇಂಚು ಎಂ-ಸ್ಯಾಂಡ್, ಪೈಪಿನ ಮೇಲೆ ಮತ್ತೆ ನಾಲ್ಕಿಂಚು, ಆಮೇಲೆ ಮಣ್ಣು. ಅಗೆದ ಕಾಂಕ್ರೀಟಿನ ಚೂರನ್ನು ಹಾಗೇ ಮೇಲೆ ಸುರಿದರೆ ಕಾರಿನ ಭಾರಕ್ಕೆ ಅದೇ ಪೈಪನ್ನು ಚುಚ್ಚುತ್ತದೆ. ಬಿಸಿಲಲ್ಲಿ ಬಿಸಿಯಾದ ಪೈಪು ಮಣ್ಣಿನಡಿ ತಣ್ಣಗಾದಾಗ 10 ಮೀಟರಿಗೆ ಮೂರು ನಾಲ್ಕು ಸೆಂ.ಮೀ. ಕುಗ್ಗುತ್ತದೆ. ಹಾವಿನಂತೆ ಸ್ವಲ್ಪ ಸಡಿಲ ಹಾಸಿ, ಎಳೆದು ಬಿಗಿಯಬೇಡಿ. 25 ಮಿ.ಮೀ. ಪೈಪನ್ನು ಎರಡಡಿ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬೇಡಿ. ಯುಜಿಡಿ (ಒಳಚರಂಡಿ) ಪೈಪನ್ನು ದಾಟುವ ಕಡೆ ನೀರಿನ ಲೈನು ಒಂದಡಿಯಾದರೂ ಮೇಲಿರಲಿ, ಅಲ್ಲಿ ಎರಡಿಂಚು ಪಿವಿಸಿ ಪೈಪಿನ ತೋಳು ತೊಡಿಸಿ.

ಮುಚ್ಚುವ ಮುಂಚೆ ಹ್ಯಾಂಡ್ ಪಂಪಿನಲ್ಲಿ 6 ಕೆ.ಜಿ. ಒತ್ತಡ ಕೊಟ್ಟು ಎರಡು ಗಂಟೆ ನೋಡಿ. ಮೊದಲ ಅರ್ಧ ಗಂಟೆ ಗೇಜಿನ ಮುಳ್ಳು ಇಳಿಯುತ್ತದೆ. ಪೈಪೇ ಹಿಗ್ಗುವುದರಿಂದ ಹಾಗಾಗುವುದು, ಸೋರಿಕೆಯಲ್ಲ. ಮತ್ತೆ ಪಂಪು ಮಾಡಿ. ಆಮೇಲೂ ಇಳಿಯುತ್ತಲೇ ಇದ್ದರೆ ಫಿಟಿಂಗ್ ಬಿಚ್ಚಿ ಓ-ರಿಂಗ್ ನೋಡಿ.

ಹಳೇ ಮನೆಯಾದರೆ ಜಿಐ ಕತ್ತರಿಸುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ. ಕೆಲವು ಮನೆಗಳಲ್ಲಿ ಅರ್ಥಿಂಗ್ ತಂತಿಯನ್ನು ನೀರಿನ ಪೈಪಿಗೇ ಸುತ್ತಿರುತ್ತಾರೆ. ನಡುವೆ ಪ್ಲಾಸ್ಟಿಕ್ ಬಂದ ದಿನ ಆ ಮನೆಗೆ ಅರ್ಥಿಂಗ್ ಇಲ್ಲ, ಗೀಸರ್ ಲೀಕಾದರೆ ಷಾಕು ನಲ್ಲಿಯಲ್ಲೇ ಹೊಡೆಯಬಹುದು. ಬೇರೆ ಅರ್ಥ್ ಪಿಟ್ ಮಾಡಿಸಿಯೇ ಪೈಪು ಕತ್ತರಿಸಬೇಕು.